ಟಾರ್ ಇಲ್ಲದ ರಸ್ತೆಯ ಜಗಳ

ಅಕ್ಕ: (ಮನೆಯವರ ಗುಂಪಿಗೆ ವಿಡಿಯೊ ಹಾಕಿ) ಇಟಲಿಯ ಕಿಯಾಂತಿ ಪ್ರದೇಶ. ಬಿಳಿ ಮಣ್ಣಿನ ರಸ್ತೆ, ಎರಡೂ ಕಡೆ ದ್ರಾಕ್ಷಿ ತೋಟ, ಗುಡ್ಡದ ಮೇಲೆ ಕಲ್ಲುಮನೆಗಳ ಹಳ್ಳಿ. ಗ್ರಾವೆಲ್ (ಮಣ್ಣು, ಜಲ್ಲಿ ರಸ್ತೆಗೆ ಮಾಡಿದ ಅಗಲ ಟೈರಿನ) ಸೈಕಲ್‌ನಲ್ಲಿ ಹೇಗೆ ಹೋಗ್ತಿದ್ದಾರೆ ನೋಡಿ. ನಾನೂ ನಿಮ್ಮ ಭಾವನೂ ಅಕ್ಟೋಬರ್‌ನಲ್ಲಿ ಹೋಗೋದು ಅಂತ ತೀರ್ಮಾನ ಮಾಡಿದ್ದೇವೆ.

ದೊಡ್ಡಪ್ಪ: ಚೆನ್ನಾಗಿದೆಯಮ್ಮ. ಆದರೆ ಅಷ್ಟು ಮುಂದುವರಿದ ದೇಶದಲ್ಲಿ ಒಂದು ಟಾರ್ ರಸ್ತೆ ಮಾಡೋಕೆ ಆಗಲಿಲ್ವಾ?

ತಮ್ಮ: ಆ ಮಣ್ಣಿನ ರಸ್ತೆಗೋಸ್ಕರವೇ ಜನ ಹೋಗೋದು ದೊಡ್ಡಪ್ಪ.

ದೊಡ್ಡಪ್ಪ: ಹೋಗುವವರು ನಾಲ್ಕು ದಿನ ಇದ್ದು ಬರ್ತಾರೆ. ಅಲ್ಲೇ ಬಾಳುವವರ ಪಾಡೇನು? ರಾತ್ರಿ ಹೊತ್ತು ಹುಷಾರಿಲ್ಲದವರನ್ನು ಆ ರಸ್ತೆಯಲ್ಲಿ ಕರೆದುಕೊಂಡು ಹೋಗಬೇಕಾದಾಗ ಚೆಂದ ಏನು ಅಂತ ಗೊತ್ತಾಗುತ್ತೆ.

ನಾನು: ದೊಡ್ಡಪ್ಪ, ನಿಮ್ಮ ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಅಲ್ಲಿ ಊರಿಂದ ಊರಿಗೆ ಹೋಗುವ ದೊಡ್ಡ ರಸ್ತೆಗಳಿಗೆ ಟಾರ್ ಇದೆ. ಫ್ಲಾರೆನ್ಸ್‌ನಿಂದ ಸಿಯೆನಾಕ್ಕೆ ಹೋಗುವ ಕಿಯಾಂತಿಜಾನಾ ರಸ್ತೆಯನ್ನೇ ನೋಡಿ. ಬಿಳಿ ರಸ್ತೆಗಳು ಹೆಚ್ಚಾಗಿ ತೋಟಗಳಿಗೆ, ಒಂಟಿ ಮನೆಗಳಿಗೆ ಹೋಗುವಂಥವು. ಅವಕ್ಕೂ ಟಾರ್ ಬೀಳ್ತಾ ಬಂತು. ಹೀಗೇ ಬಿಟ್ಟರೆ ಒಂದೂ ಉಳಿಯೋದಿಲ್ಲ ಅಂತ 1997ರಲ್ಲಿ ಜಾನ್‌ಕಾರ್ಲೊ ಬ್ರೊಚ್ಚಿ ಎನ್ನುವವರು ಗಯೋಲೆ ಇನ್ ಕಿಯಾಂತಿ ಎಂಬ ಊರಲ್ಲಿ ಲೆರೊಯಿಕಾ ಸೈಕಲ್ ಸವಾರಿ ಶುರು ಮಾಡಿದರು. ಮೊದಲ ವರ್ಷ ಬಂದವರು 92 ಜನ. ಪ್ರವೇಶ ಮುಖ್ಯವಾಗಿ 1987 ಅಥವಾ ಅದಕ್ಕಿಂತ ಹಳೆಯ ಸೈಕಲ್ ಇದ್ದವರಿಗೆ. ಗೇರ್ ಬದಲಿಸುವ ಲಿವರ್ ಫ್ರೇಮಿನ ಮೇಲೇ ಇರಬೇಕು, ಪೆಡಲ್‌ಗೆ ಪಾದ ಹಿಡಿಯುವ ಪಟ್ಟಿ ಇರಬೇಕು. ಆ ಸವಾರಿಯ 209 ಕಿ.ಮೀ. ದಾರಿಗೆ ಈಗ ಕಾಯಂ ಫಲಕಗಳಿವೆ. ವರ್ಷದಲ್ಲಿ ಯಾವಾಗ ಬೇಕಾದರೂ ಹೋಗಬಹುದು. 2007ರಿಂದ ವೃತ್ತಿಪರರ ಸ್ತ್ರಾದೆ ಬಿಯಾಂಕೆ (ಅಂದರೆ ಬಿಳಿ ರಸ್ತೆಗಳು) ರೇಸ್ ಕೂಡ ಇಂಥ ರಸ್ತೆಗಳಲ್ಲೇ ನಡೆದು ಸಿಯೆನಾದ ಪಿಯಾತ್ಸಾ ದೆಲ್ ಕಾಂಪೊ ಚೌಕದಲ್ಲಿ ಮುಗಿಯುತ್ತೆ. ಇವು ಹಿಂದುಳಿದ ರಸ್ತೆಗಳಲ್ಲ ದೊಡ್ಡಪ್ಪ, ಬೇಕು ಅಂತಲೇ ಉಳಿಸಿಕೊಂಡ ರಸ್ತೆಗಳು.

ಭಾವ: ರೇಸ್‌ನವರು ಟಾರ್ ರಸ್ತೆಯ ಸಣ್ಣ ಟೈರಿನ ಸೈಕಲ್, ಅದೇ ರೋಡ್ ಬೈಕ್‌ನಲ್ಲೇ ಹೋಗ್ತಾರಲ್ಲಪ್ಪ? ನನ್ನ ರೋಡ್ ಬೈಕ್‌ಗೆ 28 ಮಿ.ಮೀ. ಟೈರ್ ಇದೆ. ಸುಮ್ನೆ ಗ್ರಾವೆಲ್ ಬೈಕ್ ಬಾಡಿಗೆಗೆ ಯಾಕೆ ತಗೋಬೇಕು?

ನಾನು: ಅವರ ಹಿಂದೆ ಬದಲಿ ಚಕ್ರ ಹೊತ್ತ ಕಾರು ಬರುತ್ತೆ ಭಾವ, ನಿಮ್ಮ ಹಿಂದೆ ಬರೋದಿಲ್ಲ. 40 ಮಿ.ಮೀ. ಟ್ಯೂಬ್‌ಲೆಸ್ ಟೈರ್‌ಗೆ 30–35 ಪಿಎಸ್‌ಐ ಗಾಳಿ ಹಾಕಿ ಒಮ್ಮೆ ಇಳಿಜಾರು ಇಳಿದು ನೋಡಿ. ಕಾರುಗಳು ಓಡಾಡಿ ರಸ್ತೆ ಅಡ್ಡಕ್ಕೆ ಅಲೆಅಲೆಯಾಗಿ ಎದ್ದಿರುತ್ತೆ. ಗಟ್ಟಿ ಗಾಳಿಯ ಸಣ್ಣ ಟೈರ್ ಅಲ್ಲಿ ಕುಣಿಯುತ್ತೆ. ಕುಣಿದಾಗ ನೆಲ ಹಿಡಿಯೋದಿಲ್ಲ, ಬ್ರೇಕೂ ಕೆಲಸಕ್ಕೆ ಬರೋದಿಲ್ಲ. ಗಾಳಿ ಕಡಿಮೆ ಇರೋ ಅಗಲದ ಟೈರ್ ಕಲ್ಲಿನ ಮೇಲೆ ಮೆತ್ತಗೆ ಕೂತು ಹೋಗುತ್ತೆ. ತಿರುವಿನ ಹೊರ ಅಂಚಲ್ಲಿ ಸಡಿಲ ಜಲ್ಲಿ ಗುಡ್ಡೆ ಬಿದ್ದಿರುತ್ತೆ, ಅದರ ಮೇಲೆ ಹೋಗಬೇಡಿ. ವಾಹನದ ಚಕ್ರ ಓಡಿ ಗಟ್ಟಿಯಾದ ಜಾಡು ಹಿಡಿಯಿರಿ. ಬ್ರೇಕ್ ತಿರುವಿಗೆ ಮೊದಲೇ ಹಿಡಿದು ಬಿಡಬೇಕು, ತಿರುಗುವಾಗ ಬೇಡ.

ಅತ್ತೆ: ನೀವೆಲ್ಲ ರಸ್ತೆ, ಟೈರ್ ಅಂತೀರಿ. ವಿಡಿಯೊದ ಕೊನೆಯಲ್ಲಿ ಇಬ್ಬರು ತೋಟದ ಸಾಲಿನೊಳಗೆ ಸೈಕಲ್ ನುಗ್ಗಿಸಿದ್ದು ಯಾರಿಗೂ ಕಾಣಿಸಲಿಲ್ವಾ? ಗೊಂಚಲು ಕಪ್ಪಾಗಿದೆ. ಅಂದರೆ ಕೊಯ್ಲಿಗೆ ಬಂದಿದೆ.

ಅಕ್ಕ: ಫೋಟೊಗೆ ಒಂದು ನಿಮಿಷ ಹೋಗಿದ್ದಾರೆ ಅತ್ತೆ. ಸೈಕಲ್ ತಾನೇ, ಟ್ರ್ಯಾಕ್ಟರ್ ಅಲ್ವಲ್ಲ.

ಅತ್ತೆ: ಟ್ರ್ಯಾಕ್ಟರ್ ತೋಟದವನದ್ದು ಕಣೇ. ಯಾವತ್ತು ಒಳಗೆ ಹೋಗಬೇಕು, ಯಾವತ್ತು ನೆಲ ಹಸಿ ಇದೆ ಅಂತ ಅವನಿಗೆ ಗೊತ್ತಿರುತ್ತೆ. ಇವರನ್ನು ಕರೆದವರು ಯಾರು? ಬೇಲಿ ಇಲ್ಲ ಅಂದ ಮಾತ್ರಕ್ಕೆ ಯಾರ ತೋಟವೂ ಅಲ್ಲ ಅಂತ ಅರ್ಥವಾ?

ದೊಡ್ಡಪ್ಪ: ತಂಗಿ ಹೇಳಿದ್ದು ಸರಿ.

ಅಕ್ಕ: ಒಂದು ಗೊಂಚಲೂ ಮುಟ್ಟಿಲ್ಲ ಅವರು.

ನಾನು: ಇಲ್ಲ ಅಕ್ಕ, ಇಲ್ಲಿ ನಾನು ಅತ್ತೆಯ ಕಡೆ. ಆ ರಸ್ತೆ ಎಷ್ಟು ಮುಖ್ಯವೋ ಅದರ ಅಂಚೂ ಅಷ್ಟೇ ಮುಖ್ಯ. ಅಂಚು ದಾಟಿದರೆ ನಾವು ಇನ್ನೊಬ್ಬರ ದುಡಿಮೆಯೊಳಗೆ ಕಾಲಿಟ್ಟಂತೆ. ಸಾಲಿನ ನಡುವೆ ಹುಲ್ಲು ಬಿಟ್ಟಿರೋದು ಚೆಂದಕ್ಕಲ್ಲ, ಇಳಿಜಾರಿನ ಮಣ್ಣು ಮಳೆಗೆ ಕೊಚ್ಚಿ ಹೋಗಬಾರದು ಅಂತ. ಹಸಿ ಇದ್ದಾಗ ಚಕ್ರ ಉರುಳಿದರೆ ಜಾಡು ಬೀಳುತ್ತೆ, ಮುಂದಿನ ಮಳೆಗೆ ನೀರು ಅದೇ ಜಾಡು ಹಿಡಿಯುತ್ತೆ. ಬಳ್ಳಿ ಹಬ್ಬಿಸಿದ ತಂತಿ ಹ್ಯಾಂಡಲ್‌ಗೆ ಸಿಕ್ಕಿಕೊಳ್ಳೋದೂ ಸುಲಭ. ಬೂಜುರೋಗಕ್ಕೆ ಗಂಧಕ, ಮೈಲುತುತ್ತ ಹೊಡೆದಿರ್ತಾರೆ. ಯಾವತ್ತು ಹೊಡೆದರು ಅಂತ ರಸ್ತೆಯಲ್ಲಿ ಹೋಗುವವರಿಗೆ ಹೇಗೆ ಗೊತ್ತಾಗಬೇಕು? ಇಂಥ ವಿಡಿಯೊ ಸಾವಿರ ಜನ ನೋಡಿ, ಅವರಲ್ಲಿ ಹತ್ತು ಜನ ಅದೇ ಫೋಟೊಗೆ ಅದೇ ಸಾಲಿಗೆ ಇಳಿದರೆ ಒಂದು ನಿಮಿಷದ ಮಾತು ಎಲ್ಲಿ ಉಳಿಯಿತು?

ಅತ್ತೆ: ಧೂಳನ್ನೂ ಹೇಳು. ಎಲೆ ಮೇಲೆ ಧೂಳು ಕೂತರೆ ಜೇಡನುಸಿ ಪೀಡೆ ಜಾಸ್ತಿಯಾಗುತ್ತೆ. ವಿಡಿಯೊದಲ್ಲಿ ರಸ್ತೆ ಪಕ್ಕದ ಮೊದಲ ಸಾಲು ಸುಣ್ಣ ಬಳಿದ ಹಾಗಿದೆ.

ನಾನು: ಅದು ಹೆಚ್ಚಾಗಿ ಕಾರಿನ ಧೂಳು ಅತ್ತೆ. ಸೈಕಲ್‌ನಿಂದ ಏಳೋದು ತೀರಾ ಕಡಿಮೆ. ಅದಕ್ಕೇ ನನಗೆ ಕೋಪ ಬರೋದು ಸವಾರರ ಹಿಂದೆ ಬ್ಯಾಗ್ ಹೊತ್ತು ಅದೇ ಬಿಳಿ ರಸ್ತೆಯಲ್ಲಿ ವೇಗವಾಗಿ ಓಡುವ ಕಾರುಗಳ ಮೇಲೆ. ಅವು ಟಾರ್ ರಸ್ತೆಯಲ್ಲೇ ಸುತ್ತಿ ಮುಂದಿನ ಊರಲ್ಲಿ ಕಾಯಬಹುದು.

ತಮ್ಮ: ಆದರೆ ಸೈಕಲ್‌ನವರು ಬರೋದರಿಂದ ಹಳ್ಳಿಗೆ ಒಳ್ಳೆಯದೂ ಆಗುತ್ತೆ ಅಲ್ವಾ?

ದೊಡ್ಡಪ್ಪ: ಹಳ್ಳಿಯಲ್ಲಿ ಯಾರಿದ್ದಾರೋ? ಆ ಕಲ್ಲುಮನೆಗಳಲ್ಲಿ ಇರೋದು ಪ್ರವಾಸಿಗಳು.

ನಾನು: ಅದರಲ್ಲಿ ನಿಜ ಇದೆ. ಅಲ್ಲಿ ಗೇಣಿಗೆ ಉಳುವ ಮನೆತನಗಳಿದ್ದವು, ಬೆಳೆಯಲ್ಲಿ ಧಣಿಗೆ ಅರ್ಧ, ಉಳುವವನಿಗೆ ಅರ್ಧ. ಎರಡನೇ ಮಹಾಯುದ್ಧದ ನಂತರ ಜನ ಪಟ್ಟಣ ಸೇರಿದರು. 1964ರ ಕಾನೂನು ಅಂಥ ಹೊಸ ಒಪ್ಪಂದಗಳನ್ನೇ ನಿಲ್ಲಿಸಿತು. ಖಾಲಿಯಾದ ಮನೆಗಳಲ್ಲಿ ಎಷ್ಟೋ ಈಗ ಪ್ರವಾಸಿಗಳ ತಂಗುಮನೆ. ಆದರೆ ತೋಟ ಖಾಲಿಯಾಗಿಲ್ಲ. ದ್ರಾಕ್ಷಿ ಕೊಯ್ಯುವವರು, ಬಳ್ಳಿ ಸವರುವವರು ದಿನಾ ಬೆಳಗ್ಗೆ ಅದೇ ರಸ್ತೆಯಲ್ಲಿ ಕೆಲಸಕ್ಕೆ ಬರ್ತಾರೆ. ನಾವು ದಾರಿ ಬಿಡಬೇಕಾದ್ದು ಅವರಿಗೆ.

ಭಾವ: ಹಾಗಾದರೆ ಅಕ್ಟೋಬರ್ ಬೇಡವಾ?

ನಾನು: ಸೆಪ್ಟೆಂಬರ್, ಅಕ್ಟೋಬರ್ ಕೊಯ್ಲಿನ ಕಾಲ. ತಿರುವಿನಾಚೆ ಟ್ರೇಲರ್ ಬರ್ತಾ ಇರುತ್ತೆ. ಹೋಗಲೇಬಾರದು ಅಂತಲ್ಲ. ಬಲಗಡೆಯೇ ಇರಿ, ಜೋಡಿಯಾಗಿ ಹೋಗಬೇಡಿ, ಟ್ರ್ಯಾಕ್ಟರ್ ಸದ್ದು ಕೇಳಿದರೆ ಇಳಿದು ನಿಲ್ಲಿ. ನನ್ನನ್ನು ಕೇಳಿದರೆ ಮೇ ತಿಂಗಳು ವಾಸಿ. ಹಗಲು ಉದ್ದ, ಬಳ್ಳಿ ಹಸಿರು. ಮಳೆ ಬಂದ ಮರುದಿನ ಮಾತ್ರ ಟಾರ್ ರಸ್ತೆ ಹಿಡಿಯಿರಿ. ಆ ಜೇಡಿಮಣ್ಣು ಚಕ್ರಕ್ಕೆ ಮೆತ್ತಿಕೊಂಡರೆ ಫ್ರೇಮಿಗೆ ಸಿಕ್ಕಿ ಸೈಕಲ್ ಮುಂದಕ್ಕೆ ಹೋಗೋದಿಲ್ಲ. 'ಪ್ರೊಪ್ರಿಯೆತಾ ಪ್ರಿವಾತಾ' ಅಂತ ಫಲಕ ಕಂಡರೆ ಖಾಸಗಿ ಜಾಗ. ಮ್ಯಾಪ್ ದಾರಿ ತೋರಿಸಿದರೂ ಹೊರಳಿ ಬನ್ನಿ.

ಅಕ್ಕ: ಸರಿ. ಮೇ ಅಂತ ಇಟ್ಟುಕೊಳ್ಳೋಣ. ಅತ್ತೆ, ಆ ವಿಡಿಯೊ ಗೆಳತಿಯರ ಗುಂಪಿಗೂ ಹಾಕಿದ್ದೆ, ತೆಗೆದೆ.

ಅತ್ತೆ: ಒಳ್ಳೆಯದು ಮಾಡಿದೆ. ಹೋಗಿ ಬನ್ನಿ. ತೋಟದವರು ಸಿಕ್ಕರೆ ಯಾವ ತಳಿ, ಎಷ್ಟು ಅಂತರಕ್ಕೆ ನೆಟ್ಟಿದ್ದಾರೆ ಅಂತ ಕೇಳಿಕೊಂಡು ಬಾ.

ದೊಡ್ಡಪ್ಪ: ನನ್ನ ಮಾತು ಹಾಗೇ ಇದೆ. ಜನ ಇರುವ ಮನೆ ಬಾಗಿಲವರೆಗೆ ಟಾರ್ ಬೇಕು.

ನಾನು: ಮನೆ ಮುಂದಿನ ನೂರಿನ್ನೂರು ಮೀಟರ್‌ಗೆ ಹಾಕಲಿ ದೊಡ್ಡಪ್ಪ, ಧೂಳಾದರೂ ತಪ್ಪುತ್ತೆ. ಉಳಿದದ್ದಕ್ಕೆ ಜಲ್ಲಿ ಹಾಕಿ ಮಟ್ಟ ಮಾಡಿ, ಚರಂಡಿ ತೆಗೆಸಿ, ಹಾಗೇ ಬಿಡಲಿ.

ದೊಡ್ಡಪ್ಪ: ಚರಂಡಿ ತೆಗೆಸೋದಾದರೆ ಒಪ್ಪಿದೆ.