ಸಹಾಯ ಬೇಕು: ಲೈಸೆನ್ಸ್ ಇರುವ ಕೋವಿಯನ್ನು ಬಸ್ಸಿನಲ್ಲಿ ಒಯ್ಯಬಹುದೇ?

ಮೂಡಿಗೆರೆ, ಸಕಲೇಶಪುರ ಕಡೆಯ ಬೆಳೆಗಾರ ಮಿತ್ರರಿಗೆ ನಮಸ್ಕಾರ. ಬೆಳೆ ರಕ್ಷಣೆಗೆಂದು ನಮ್ಮ ತಂದೆಯವರ ಹೆಸರಿನಲ್ಲಿ ಲೈಸೆನ್ಸ್ ಪಡೆದ ಜೋಡುನಳಿಗೆ ಕೋವಿ ಕೆಟ್ಟಿದೆ. ರಿಪೇರಿಗೆ ಬೆಂಗಳೂರಿಗೆ ಒಯ್ಯಬೇಕು. ಕಾರಿಲ್ಲ, ಸರ್ಕಾರಿ ಬಸ್ಸೇ ಗತಿ.

1959ರ ಶಸ್ತ್ರಾಸ್ತ್ರ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ, ಲೈಸೆನ್ಸುದಾರರು ಲಿಖಿತ ಒಪ್ಪಿಗೆ ಕೊಟ್ಟರೆ ಬೇರೆಯವರು ಅವರ ಕೋವಿಯನ್ನು ರಿಪೇರಿಗೆ ಒಯ್ಯಬಹುದು. ತಂದೆಯವರಿಗೆ ಪ್ರಯಾಣ ಆಗದು, ಆದ್ದರಿಂದ ಅವರ ಪತ್ರ ಹಿಡಿದು ನಾನೇ ಹೋಗುವ ಯೋಚನೆ. ಕೋವಿ ಖಾಲಿಯಾಗಿ ಚೀಲದಲ್ಲಿರುತ್ತದೆ, ತೋಟಾಗಳು ಮನೆಯಲ್ಲೇ. ತೊಡಕೆಂದರೆ ಲೈಸೆನ್ಸಿನ ವ್ಯಾಪ್ತಿ ಚಿಕ್ಕಮಗಳೂರು ಜಿಲ್ಲೆಗಷ್ಟೇ ಇದೆ. ಜಿಲ್ಲೆ ದಾಟಲು ಜಿಲ್ಲಾಧಿಕಾರಿ ಕಚೇರಿಯಲ್ಲಿ ಅನುಮತಿ ಪಡೆದವರು ಇಲ್ಲಿದ್ದೀರಾ? ಅರ್ಜಿಯ ಜೊತೆ ಏನೇನು ಕೇಳಿದರು?

ಇನ್ನೊಂದು, ಕಂಡಕ್ಟರಿಗೆ ಮೊದಲೇ ಹೇಳಬೇಕೇ? ಮುಚ್ಚಿಟ್ಟು ಹೋಗಿ ದಾರಿಯಲ್ಲಿ ತಪಾಸಣೆಗೆ ಸಿಕ್ಕಿ ಪೇಚಾಡುವುದಕ್ಕಿಂತ ಹೇಳುವುದೇ ಲೇಸೆಂದು ನನ್ನ ಎಣಿಕೆ. ಆದರೆ ಕೋವಿ ಎಂದೊಡನೆ ಕೆಳಗಿಳಿಸಿದರೆ?

ಶಿಕಾರಿಯ ಉಪದೇಶ ದಯವಿಟ್ಟು ಬೇಡ. 1972ರ ವನ್ಯಜೀವಿ ಕಾಯ್ದೆ ನಮಗೂ ಗೊತ್ತು. ಹಂದಿ, ಮಂಗಗಳನ್ನು ಬೆದರಿಸಲು ಆಕಾಶಕ್ಕೆ ಹಾರಿಸುವುದು ಬಿಟ್ಟರೆ ಆ ಕೋವಿಗೆ ಬೇರೆ ಕೆಲಸವಿಲ್ಲ. ಹಾಸನದಲ್ಲೇ ಲೈಸೆನ್ಸ್ ಪಡೆದ ರಿಪೇರಿಯವರಿದ್ದರೆ ಅದನ್ನೂ ತಿಳಿಸಿ, ದಾರಿಯಾದರೂ ಅರ್ಧ ಉಳಿಯುತ್ತದೆ.