ನಾಲಾ ಒಂದೇ, ಅರ್ಜಿ ನಾಲ್ಕು

ಮುಂಬೈ ಚೆಂಬೂರಿನ ನಮ್ಮ ಗಲ್ಲಿಯ ಕನ್ನಡಿಗರ ವಾಟ್ಸಾಪ್ ಗುಂಪು. ಮೇ ತಿಂಗಳು, ರಾತ್ರಿ ಊಟದ ಹೊತ್ತು.

ಮೂಲೆ ಬಿಲ್ಡಿಂಗ್ 104: ಹಿಂದಿನ ನಾಲಾ, ಅದೇ ಮಳೆನೀರಿನ ದೊಡ್ಡ ಚರಂಡಿ, ನೋಡಿ ಬಂದೆ. ಹೂಳಿನ ಮೇಲೆ ಹುಲ್ಲು ಬೆಳೆದು ಆಡು ಮೇಯ್ತಾ ಉಂಟು. ಮಳೆಗೆ ಇನ್ನು ಮೂರು ವಾರ. ಹೂಳು ತೆಗೆಯಿರಿ ಅಂತ ಪಾಲಿಕೆಗೆ ಕೊಟ್ಟ ನಮ್ಮ ಸೊಸೈಟಿಯ ಅರ್ಜಿಗೆ ನಂಬರ್ ಸಿಕ್ಕಿತು, ಆಳು ಬರಲಿಲ್ಲ.

ಹಳದಿ ಬಿಲ್ಡಿಂಗ್ 201: ನಾವೂ ಕೊಟ್ಟೇವ್ರಿ ಕಾಕಾ. ಉಳಿದ ಎರಡೂ ಸೊಸೈಟಿಯವ್ರೂ ಕೊಟ್ಟಾರ. ಒಂದ ನಾಲಾಕ್ಕ ನಾಲ್ಕ ಅರ್ಜಿ! ಎಲ್ಲಾರೂ ತಮ್ಮ ತಮ್ಮ ಗ್ವಾಡಿ ಹಿಂದಿಂದಷ್ಟ ತೆಗೀರಿ ಅಂತ ಬರದಾರ. ಹೂಳು ಗ್ವಾಡಿ ನೋಡಿ ನಿಲ್ತದೇನ್ರಿ?

ಟವರ್ 702: ಬೇಜಾರ್ ಮಾಡ್ಕೋಬೇಡಿ, ಏಳನೇ ಮಹಡಿಗೆ ನೀರು ಬರೋಲ್ಲ. ಕೆಳಗಿನ ಅಂಗಡಿಯವರು ಮುಂದೆ ನಿಲ್ಲಲಿ. ಸಹಿ ಬೇಕಾದ್ರೆ ಹಾಕ್ತೀವಿ.

ಮೂಲೆ ಬಿಲ್ಡಿಂಗ್ 104: ಮಾರಾಯ್ರೇ, ನಿಮ್ಮ ನೀರಿನ ಪಂಪು ಏಳನೇ ಮಹಡಿಯಲ್ಲಿ ಉಂಟಾ? ಮೀಟರ್ ರೂಮು ಎಲ್ಲುಂಟು? 2005ರ ಜುಲೈ 26 ಮರೆತುಹೋಯಿತಾ? ಸಾಂತಾಕ್ರೂಜಿನಲ್ಲಿ 24 ಗಂಟೆಗೆ 944 ಮಿ.ಮೀ. ಮಳೆ. ಇಲ್ಲಿ ಪಂಪು ಮುಳುಗಿದ ಮೇಲೆ ಕೊಡ ಹಿಡ್ಕೊಂಡು ಮೊದಲು ಇಳಿದದ್ದು ಮೇಲಿನವರೇ. ನಿಮ್ಮ ಅತ್ತೆ ಒಂದೊಂದು ಮಹಡಿಗೂ ಕೂತು ಕೂತು ಹತ್ತಿದ್ದನ್ನು ನಾನು ನೋಡಿದ್ದೇನೆ. ಅಂಗಡಿಯವನಿಗೆ ಶಟರ್ ಎಳೆದು ಊರಿಗೆ ಹೋಗ್ಲಿಕ್ಕಾದರೂ ಆಗ್ತದೆ.

ಟವರ್ 702: ಹೌದು. ಲಿಫ್ಟು ಒಂಬತ್ತು ದಿನ ನಿಂತಿತ್ತು. ಮೀಟಿಂಗ್ ಯಾವಾಗ ಹೇಳಿ, ಬರ್ತೀನಿ.

ಕೊನೇ ಬಿಲ್ಡಿಂಗ್ 303: ಕಿಟಕಿಯಿಂದ ನಾಲಾಕ್ಕೆ ಬೀಳೋ ಪ್ಲಾಸ್ಟಿಕ್ ಚೀಲಗಳ ಮಾತೂ ಬರಲಿ. ಯಾವ ಕಿಟಕಿ ಅಂತ ನಾನು ಹೇಳೋದಿಲ್ಲ. ಬೀಳಿಸಿದವರಿಗೆ ಗೊತ್ತಿದೆ, ನನಗೂ ಗೊತ್ತಿದೆ.

ಹಳದಿ ಬಿಲ್ಡಿಂಗ್ 201: 😀 ಅಕ್ಕಾರ, ಆ ಕಿಟಕಿ ಈಗ ಇದನ್ನ ಓದಾಕತ್ತದ.

ಕೊನೇ ಬಿಲ್ಡಿಂಗ್ 303: ಇನ್ನೊಂದು ವಿಷಯ. ಘಾಟ್ಕೋಪರಿನ ಜೋಶಿ ಲೇನ್‌ನವರು ಕಸದ ಕಾಟ ತಾಳಲಾರದೆ ಗಲ್ಲಿಗೆ ಗಲ್ಲಿಯೇ ಒಂದಾಗಿದ್ದರು. 1997ರಲ್ಲಿ ಪಾಲಿಕೆ ಆ ಪದ್ಧತಿಯನ್ನೇ ಎಎಲ್‌ಎಂ (ಅಡ್ವಾನ್ಸ್ಡ್ ಲೊಕ್ಯಾಲಿಟಿ ಮ್ಯಾನೇಜ್ಮೆಂಟ್, ಅಂದರೆ ಗಲ್ಲಿಯವರದೇ ಕೂಟ) ಹೆಸರಲ್ಲಿ ಊರಿಗೆಲ್ಲ ತಂದಿತು. ನಾವೂ ಗಲ್ಲಿಯ ಹೆಸರಲ್ಲೇ ಹೋಗೋಣ. ಈ ಗುಂಪು ಮಾತ್ರ ಸಾಲದು. ಗುಜರಾತಿ ಸೊಸೈಟಿಯವರು, ಗಣಪತಿ ಮಂಡಳದ ಹುಡುಗರು, ಮೀನಿನ ಮೌಶಿ ಎಲ್ಲರೂ ಬರಬೇಕು. ನೀರು ಏರಿದರೆ ಮೌಶಿಗೆ ಬುಟ್ಟಿ ಇಡಲು ಜಾಗವೇ ಇರೋದಿಲ್ಲ. ನಾವೋ, ಮಾಟುಂಗಾದ ಮೈಸೂರು ಅಸೋಸಿಯೇಷನ್ನಿಗೆ ನಾಟಕ ನೋಡಲು ಟ್ಯಾಕ್ಸಿ ಹಂಚಿಕೊಂಡು ಹೋಗ್ತೇವೆ, ಪಕ್ಕದ ಗೇಟಿನೊಳಗೆ ಕಾಲಿಡೋದಿಲ್ಲ.

ಟವರ್ 702: ಪಾರ್ಕಿಂಗ್ ಜಗಳ ಆದಮೇಲೆ ಗುಜರಾತಿ ಸೊಸೈಟಿ ಸೆಕ್ರೆಟರಿ ನನ್ನ ಮುಖ ನೋಡೋಲ್ಲ.

ಹಳದಿ ಬಿಲ್ಡಿಂಗ್ 201: ನಾ ಮಾತಾಡೇನಿ. ಅವ್ರ ಪಂಪೂ ನೆಲದಾಗ ಐತಿ, ಅವ್ರಿಗೂ ಹೆದರಿಕಿ ಐತಿ. ಟೆರೇಸ್ ಕೊಡ್ತಾರಂತ, ಐತವಾರ ಸಂಜಿ ಆರಕ್ಕ. ಅರ್ಜಿ ಮರಾಠಿಯೊಳಗ ನಾ ಬರೀತೇನಿ, ಬೆಳಗಾವ್ಯಾಗ ಕಲ್ತದ್ದು ಇವತ್ತರ ಉಪಯೋಗಕ್ಕ ಬರ್ಲಿ. ನಾಲ್ಕೂ ಸೊಸೈಟಿ ಶಿಕ್ಕಾ ಒಂದ ಹಾಳಿ ಮ್ಯಾಲೆ.

ಟವರ್ 702: ಯಾರ ಶಿಕ್ಕಾ ಮೇಲೆ?

ಕೊನೇ ಬಿಲ್ಡಿಂಗ್ 303: ಅಯ್ಯೋ ದೇವರೇ. ನಾಲ್ಕು ಮೂಲೆಗೆ ನಾಲ್ಕು ಒತ್ತಿ!

ಮೂಲೆ ಬಿಲ್ಡಿಂಗ್ 104: ಕುರ್ಚಿ 40 ನಮ್ಮಲ್ಲುಂಟು. ಸುತ್ತು ಹಾಕಿ ಹೊರುವುದು ಕಷ್ಟ. ಮಧ್ಯದ ಸಣ್ಣ ಗೇಟು ತೆರೆದರೆ ಹತ್ತು ಹೆಜ್ಜೆ. ಕೀಲಿ ಯಾರ ಹತ್ತಿರ?

ಟವರ್ 702: ನನ್ನ ಹತ್ರಾನೇ ಇದೆ. ಬೀಗಕ್ಕೆ ಸ್ವಲ್ಪ ಎಣ್ಣೆ ತನ್ನಿ.