ಅಪ್‌ಡೇಟ್: ಕ್ರೋಶಾ ಮೊಬೈಲ್ ಚೀಲದ ಪಟ್ಟಿ ಈಗ ಜೋಲುತ್ತಿಲ್ಲ

ಮೊಬೈಲ್ ಹಿಡಿಯುವಷ್ಟು ಪುಟ್ಟ ಕ್ರೋಶಾ ಚೀಲ ಹೆಣೆದಿದ್ದೇನೆ, ಹೆಗಲಿಗೆ ಹಾಕಿಕೊಂಡರೆ ಪಟ್ಟಿ ಜಗ್ಗಿ ಚೀಲ ಮೊಣಕಾಲಿಗೆ ಬರುತ್ತದೆ, ಏನು ಮಾಡಲಿ ಅಂತ ಹೋದ ತಿಂಗಳು ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೊಸ ಚೀಲ ಮುಗಿಯಿತು. ಅಮ್ಮ ದಿನಾ ಅದನ್ನೇ ಹಾಕಿಕೊಂಡು ತರಕಾರಿಗೆ ಹೋಗುತ್ತಿದ್ದಾರೆ.

ಹಳೆ ಚೀಲಕ್ಕೆ ಮೆತ್ತಗಿದೆ ಅಂತ ಅಕ್ರಿಲಿಕ್ ಉಲ್ಲನ್ ತಗೊಂಡಿದ್ದೆ. ಈ ಸಲ ಹತ್ತಿ ದಾರ, 3 ಮಿ.ಮೀ. ಕಡ್ಡಿ. ಹೆಣಿಗೆ ಬಿಗಿಯಾಗಿ ಬಂತು.

ಆದರೆ ನಿಜವಾದ ತಪ್ಪು ಪಟ್ಟಿಯಲ್ಲಿತ್ತು. 5 ಹೊಲಿಗೆ ಅಗಲ ಇಟ್ಟು ಸಾಲಿನ ಮೇಲೆ ಸಾಲು ಏರಿಸಿದ್ದೆ. ಒಂದೊಂದು ಸಾಲೂ ಸ್ವಲ್ಪ ಸಡಿಲವಾದರೆ ಒಟ್ಟು ಎಷ್ಟಾಗುತ್ತದೆ, ಅಲ್ವಾ? ಈಗ ಉದ್ದುದ್ದಕ್ಕೆ ಹೆಣೆದೆ. ಮೊದಲು ಪಟ್ಟಿಯ ಪೂರ್ತಿ ಉದ್ದಕ್ಕೆ ಚೈನ್ (ಸರಪಳಿಯಂಥ ಮೊದಲ ಕುಣಿಕೆಗಳು), ಅದರ ಮೇಲೆ 3 ಸಾಲು ಸಿಂಗಲ್ ಕ್ರೋಶಾ (ಗಿಡ್ಡ, ಒತ್ತೊತ್ತಾದ ಹೊಲಿಗೆ), ಕೊನೆಗೆ ಎರಡೂ ಅಂಚಿಗೆ ಸ್ಲಿಪ್ ಸ್ಟಿಚ್ (ಅದಕ್ಕಿಂತ ಗಿಡ್ಡ ಹೊಲಿಗೆ). ಹಿಂದೆ ಕಾಟನ್ ಟೇಪ್ ಇಟ್ಟು ಕೈಯಲ್ಲೇ ಹೊಲಿದೆ. ಭಾರವೆಲ್ಲ ಈಗ ಟೇಪಿನ ಮೇಲೆ. ಟೇಪನ್ನು ಮೊದಲೇ ನೆನೆಸಿ ಒಣಗಿಸಿಕೊಳ್ಳಿ. ಇಲ್ಲದಿದ್ದರೆ ಒಗೆದಾಗ ಅದು ಕುಗ್ಗಿ ಪಟ್ಟಿ ಸುಕ್ಕಾಗುತ್ತದೆ.

ಪಟ್ಟಿಯ ತುದಿಯನ್ನು ಬರೀ ಚೀಲದ ಬಾಯಿಗೆ ಹೊಲಿಯಬೇಡಿ. ಬದಿಯಲ್ಲಿ ಎರಡು ಬೆರಳಗಲ ಕೆಳಗಿಳಿಸಿ, ಚೌಕವಾಗಿ ಹೊಲಿದು, ನಡುವೆ ಅಡ್ಡಡ್ಡ ಎರಡು ಗೆರೆ ಹೊಲಿಗೆ ಹಾಕಿ.

ಒಳಗೆ ಲೈನಿಂಗ್ ಹಾಕಿ ಅಂದಿದ್ದು ಒಳ್ಳೆಯದಾಯಿತು. ಅರಿಶಿನ ಕುಂಕುಮಕ್ಕೆ ಬಂದಿದ್ದ ಹಸಿರು ಬ್ಲೌಸ್ ಪೀಸ್ ಸುಮ್ನೆ ಬೀರುವಿನಲ್ಲಿತ್ತು, ಅದನ್ನೇ ಹಾಕಿದೆ. ಚಿಲ್ಲರೆ, ಕೀಲಿಕೈ ಹೆಣಿಗೆಯ ತೂತಿನಲ್ಲಿ ಸಿಕ್ಕಿಕೊಳ್ಳುತ್ತಿಲ್ಲ. ಬಾಯಿಗೆ ಒಂದು ಟಿಚ್ ಬಟನ್ ಸಾಕಾಯಿತು.

ತಂಗಿಗೆ ನೀಲಿ ದಾರದಲ್ಲಿ ಇನ್ನೊಂದು ಶುರು ಮಾಡಿದ್ದೇನೆ.